ಹನ್ನೊಂದನೇ ನಂಬರಿನ ಕಾಲು

ಜನವರಿ 6, ಸೋಮವಾರ

ಡೈರಿ ಬರೆಯುವ ಅಭ್ಯಾಸ ನನಗಿಲ್ಲ. ಅಪ್ಪ ಇದ್ದಾಗ ದಿನವಿಡೀ ನುಂಗಿಕೊಂಡ ಸಿಟ್ಟನ್ನೆಲ್ಲ ಸಂಜೆ ಅವನ ಮುಂದೆ ಕಾರಿಕೊಳ್ಳುತ್ತಿದ್ದೆ. ಅವನು ಬಸ್ ಡಿಪೋದಿಂದ ಬಂದು ಕೈಯ ಗ್ರೀಸು ಒರೆಸಿಕೊಳ್ಳುತ್ತ, "ಆತು, ಮುಂದಕ್ಕ?" ಅನ್ನುತ್ತಿದ್ದ. ಈಗ ಅವನಿಲ್ಲ. ಅಮ್ಮನಿಗೆ ಹೇಳಿದರೆ ಅವಳು ಊಟ ಬಿಡುತ್ತಾಳೆ. ಹಾಗಾಗಿ ಈ ಪುಸ್ತಕ.

ಇವತ್ತಿನಿಂದ ಹೊಸ ಕೆಲಸ. ಹಗರಿಬೊಮ್ಮನಹಳ್ಳಿಯಲ್ಲಿ ಡಾಕ್ಟರ್ ಗಂಗಾಧರ್ ನಡೆಸುತ್ತಿರುವ ಒಂದು ಪ್ರಯೋಗಕ್ಕೆ ನಾನು ನರ್ಸು. ಸಕ್ಕರೆ ಕಾಯಿಲೆಯವರ ಪಾದದಲ್ಲಿ ತಿಂಗಳುಗಟ್ಟಲೆ ಮಾಯದೆ ಉಳಿಯುವ ಹುಣ್ಣಿಗೆ ಒಂದು ಹೊಸ ಜೆಲ್ ಬಂದಿದೆ. ಇಪ್ಪತ್ತು ಜನ ಒಪ್ಪಿ ಸಹಿ ಹಾಕಿದ್ದಾರೆ. ಅವರ ಮನೆಗೆ ವಾರಕ್ಕೆರಡು ಸಲ ಹೋಗಿ ಹುಣ್ಣು ತೊಳೆದು, ಜೆಲ್ ತುಂಬಿ, ಪಟ್ಟಿ ಕಟ್ಟಿ, ಅಳತೆ ಬರೆದುಕೊಂಡು ಬರಬೇಕು. ದಾಖಲೆಯಲ್ಲಿ ಯಾರ ಹೆಸರೂ ಇಲ್ಲ, ನಂಬರು ಮಾತ್ರ. ನನಗೆ ಅದೇ ಒಳ್ಳೆಯದು. ಹೆಸರಿದ್ದರೆ ಮನಸ್ಸು ಅಂಟಿಕೊಳ್ಳುತ್ತದೆ.

ಜೆಲ್‌ನ ಪೂರ್ತಿ ಹೆಸರು ಸುಪ್ರಾಮಾಲಿಕ್ಯುಲರ್ ಹೈಡ್ರೋಜೆಲ್. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಹುಣ್ಣೇ ಒಣಗಬೇಕು. ಅದನ್ನು ಮಾಡಿದ ಸುಕನ್ಯಾ ಮೇಡಂ ಕಳೆದ ವಾರ ಬೆಂಗಳೂರಿನ ಪ್ರಯೋಗಾಲಯದಿಂದ ಬಂದು ಕಲಿಸಿ ಹೋದರು. ಹುಟ್ಟಿದ್ದು ಕೊಟ್ಟೂರಲ್ಲಿ, ಮಾತು ಇನ್ನೂ ನಮ್ಮದೇ. ಜೆಲ್‌ನಲ್ಲಿ ಮುಕ್ಕಾಲುಪಾಲಿಗಿಂತ ಹೆಚ್ಚು ಬರೀ ನೀರಂತೆ. ಆ ನೀರನ್ನು ಹಿಡಿದು ನಿಲ್ಲಿಸುವುದು ಸಣ್ಣ ಅಣುಗಳು ಸೇರಿ ಮಾಡಿಕೊಂಡ ಬಲೆ. ಅವು ಒಂದಕ್ಕೊಂದು ಬೆಸುಗೆ ಹಾಕಿಕೊಂಡಿಲ್ಲ, ಸುಮ್ಮನೆ ಕೈ ಹಿಡಿದುಕೊಂಡಿವೆ. ಸಿರಿಂಜಿನಲ್ಲಿ ಒತ್ತಿದರೆ ಕೈಬಿಟ್ಟು ತೆಳುವಾಗಿ ಹರಿಯುತ್ತವೆ, ಹುಣ್ಣಿನ ಸಂದಿಗೊಂದಿಗೆ ಹೋಗಿ ಮತ್ತೆ ಕೈ ಹಿಡಿದು ಗಟ್ಟಿಯಾಗುತ್ತವೆ. ಒಳಗಿನ ಔಷಧಿಯನ್ನು ಮೂರು ದಿನ ಸ್ವಲ್ಪ ಸ್ವಲ್ಪವೇ ಬಿಡುತ್ತವೆ. ನಾನು ಸ್ಟೀಲ್ ತಟ್ಟೆಯ ಮೇಲೆ ಹಾಕಿ ಚಮಚದಿಂದ ಎರಡು ಭಾಗ ಮಾಡಿದೆ. ಸ್ವಲ್ಪ ಹೊತ್ತಿಗೆ ಎರಡೂ ಒಂದಾಗಿದ್ದವು, ಗೆರೆಯೂ ಉಳಿದಿರಲಿಲ್ಲ. ಇಂಥದೊಂದು ಅಪ್ಪನ ಕಾಲಿಗೆ ಸಿಕ್ಕಿದ್ದರೆ ಅನ್ನಿಸಿತು. ಬೇಡ, ಆ ಮಾತು ಇವತ್ತು ಬೇಡ.

ಹನ್ನೊಂದನೇ ನಂಬರಿನ ಮನೆ ತಂಬ್ರಹಳ್ಳಿಯಿಂದ ಮುಂದೆ ಒಂದು ಸಣ್ಣ ಊರಲ್ಲಿದೆ. ಗುರುಸಂಗಪ್ಪ, ಅರವತ್ತೆಂಟು ವರ್ಷ, ಹಿಟ್ಟಿನ ಗಿರಣಿಯವರು. ಚಪ್ಪಲಿಯೊಳಗೆ ತಗಡಿನ ಮೊಳೆ ನಟ್ಟದ್ದು ಗೊತ್ತಾಗದೆ ಇಡೀ ದಿನ ಗಿರಣಿಯಲ್ಲಿ ನಿಂತಿದ್ದರಂತೆ, ಪಾದಕ್ಕೆ ಅಷ್ಟು ಜೋಮು. ಎಡಗಾಲಿನ ಅಡಿಯಲ್ಲಿ ಐದು ತಿಂಗಳ ಹುಣ್ಣು, ಹನ್ನೆರಡು ಚದರ ಸೆಂಟಿಮೀಟರು. ಗಿರಣಿಗೆ ಬೀಗ ಬಿದ್ದಿದೆ. ಅವರ ಹೆಂಡತಿ ಕೊಟ್ರಬಸಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ ಮೊದಲು ಕೇಳಿದ್ದು, "ಯಾರ ಪೈಕಿ ಅವ್ವಾ ನೀನು?"

ಹೇಳಿದೆ. ಮುಚ್ಚಿಡಲು ನಾನೇನು ಕದ್ದಿಲ್ಲ. ಆಮೇಲೆ ಕುರ್ಚಿ ಒಳಗಿನಿಂದ ಹೊರಗಿನ ಕಟ್ಟೆಗೆ ಬಂತು, ಯಜಮಾನರೂ ಬಂದರು. ನಾನು ಕೈ ತೊಳೆಯಲು ಚೊಂಬಿಗೆ ಕೈ ಚಾಚಿದರೆ ಆಕೆ ಚೊಂಬು ಬಿಡದೆ ಮೇಲಿನಿಂದ ನೀರು ಸುರಿದರು. ಸ್ಕೂಟಿ ಹತ್ತಿ ತಿರುಗುವಾಗ ಕನ್ನಡಿಯಲ್ಲಿ ಕಂಡಿತು: ಬಕೆಟ್ ತಂದು ಕಟ್ಟೆ ತೊಳೆಯುತ್ತಿದ್ದರು.

ಜನವರಿ 9, ಗುರುವಾರ

ಹನ್ನೊಂದನೇ ನಂಬರು ಇವತ್ತು ಮಾತಾಡಿತು. ಜೆಲ್ ಏನೆಂದು ಕೇಳಿದರು. ಸಿರಿಂಜಿನಿಂದ ಒಂದು ಹನಿ ಅವರ ಬೆರಳಿಗೆ ಬಿಟ್ಟೆ. ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, ಕಣ್ಣು ಮುಚ್ಚಿ, "ಸಣ್ಣಗೈತಿ" ಅಂದರು. ನಲವತ್ತು ವರ್ಷ ಹಿಟ್ಟು ಬೀಸಿದ ಕೈ ಅಲ್ಲವೇ. ಅಣುಗಳು ಕೈ ಹಿಡಿಯುವ ಕಥೆ ಹೇಳಿದೆ. ಸ್ವಲ್ಪ ಯೋಚನೆ ಮಾಡಿ ಹೇಳಿದರು, "ಜ್ವಾಳದ ಹಿಟ್ಟು ಬಿಸಿನೀರಿಗೆ ಹಿಡಕೊಂತತಿ, ತಣ್ಣೀರು ಹಾಕಿದ್ರ ರೊಟ್ಟಿ ಬಿರೀತತಿ. ಹಂಗ ಏನವ್ವ ಇದು? ನೀರು ಯಾವುದು ಅಂತ ನೋಡಿ ಹಿಡಕೊಂತತೇನು?"

ಹೌದು ಅಂದೆ. ನಾಲ್ಕು ದಿನ ತರಬೇತಿ ತೆಗೆದುಕೊಂಡ ನನಗಿಂತ ಚೆನ್ನಾಗಿ ಹೇಳಿದರು. ಕಟ್ಟೆ ಇವತ್ತೂ ತೊಳೆದರು.

ಜನವರಿ 20, ಸೋಮವಾರ

ಇಟ್ಟಿಗಿಯ ಚೌಡಕ್ಕನ ಹುಣ್ಣಿನ ಅಂಚಿನಲ್ಲಿ ತೆಳು ಗುಲಾಬಿ ಚರ್ಮ ಬಂದಿದೆ. ಖುಷಿಗೆ ಅವಳೇ ನನ್ನ ಗಲ್ಲ ಹಿಂಡಿದಳು. ಉಳಿದವರದೂ ಪರವಾಗಿಲ್ಲ. ಹನ್ನೊಂದನೇ ನಂಬರಿನದು ಮಾತ್ರ ಇದ್ದಲ್ಲೇ ಇದೆ. ಪಟ್ಟಿ ಬಿಚ್ಚಿದರೆ ಜೆಲ್ ಇರಬೇಕಾದ ಜಾಗದಲ್ಲಿ ನೀರು. ಎಲ್ಲರದೂ ಮೂರು ದಿನ ಗಟ್ಟಿಯಾಗಿ ನಿಲ್ಲುತ್ತದೆ, ಇವರದು ಒಂದು ದಿನವೂ ನಿಲ್ಲುವುದಿಲ್ಲ. ಐಸ್ ಡಬ್ಬಿಯಲ್ಲೇ ಒಯ್ದಿದ್ದೇನೆ, ಅದೇ ಪೆಟ್ಟಿಗೆಯ ಸಿರಿಂಜು. ನನ್ನ ಕೈಯ ತಪ್ಪೇ ಅನ್ನಿಸಿ ಎರಡು ಸಲ ಕೈಪಿಡಿ ಓದಿದೆ.

ಡಾಕ್ಟರ್ ಅವಧಿ ಹೇಳಿದ್ದಾರೆ. ಮಾರ್ಚ್ ಮೂರಕ್ಕೆ ಎಂಟು ವಾರ. ಅಷ್ಟರಲ್ಲಿ ಹುಣ್ಣು ಅರ್ಧಕ್ಕೆ ಇಳಿಯದಿದ್ದರೆ ನಂಜು ಮೂಳೆಗೆ ಇಳಿಯುವ ಮುಂಚೆ ಕಾಲು ತೆಗೆಯಬೇಕಾಗಬಹುದು, ಮೊಣಕಾಲಿನ ಕೆಳಗೆ. ದಾವಣಗೆರೆಯ ಸರ್ಜನ್‌ಗೆ ಆಗಲೇ ಹೇಳಿ ಇಟ್ಟಿದ್ದಾರೆ. ಇದನ್ನು ಆ ಕಟ್ಟೆಯ ಮೇಲೆ ನಾನೇ ತಿಳಿಸಬೇಕಾಯಿತು. ಗುರುಸಂಗಪ್ಪ ಬೀಗ ಹಾಕಿದ ಗಿರಣಿಯ ಕಡೆ ನೋಡಿದರು. ಕೊಟ್ರಬಸಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋದರು.

ಫೆಬ್ರವರಿ 3, ಸೋಮವಾರ

ಹದಿಮೂರು ಚದರ ಸೆಂಟಿಮೀಟರು. ಕಡಿಮೆಯಾಗುವ ಬದಲು ಹೆಚ್ಚಾಗಿದೆ.

ನಾವು ಕೊಟ್ಟ ಮೆತ್ತನೆ ಬೂಟನ್ನು ಗುರುಸಂಗಪ್ಪ ಮನೆಯೊಳಗೆ ಹಾಕುವುದೇ ಇಲ್ಲ. ನಾನು ಬೈದೆ. ಸ್ಪರ್ಶವಿಲ್ಲದ ಪಾದಕ್ಕೆ ಮನೆಯೊಳಗಿನ ಒಂದು ಕಲ್ಲುಚೂರೂ ಸಾಕು. ಬೂಟು ಹಾಕಿಕೊಂಡು ದೇವರ ಮನೆ ಮುಂದೆ ಹೇಗೆ ಓಡಾಡಲಿ ಅನ್ನುತ್ತಾರೆ. ದೇವರಿಗೆ ನಿಮ್ಮ ಕಾಲಿನ ಚಿಂತೆ ಇಲ್ಲವೇ ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಈ ಮನೆಯನ್ನು ಬೇರೆಯವರಿಗೆ ಕೊಡಿ ಎಂದು ಡಾಕ್ಟರಿಗೆ ಹೇಳಬೇಕು. ನಾನು ಹೋದಾಗ ಕುರ್ಚಿ ಹೊರಗೆ, ಹೊರಟ ಮೇಲೆ ಕಟ್ಟೆಗೆ ನೀರು, ಇಷ್ಟೆಲ್ಲ ಆಗಿಯೂ ಹುಣ್ಣು ದೊಡ್ಡದು. ನನಗೇನು ಬಂದಿದೆ ಕರ್ಮ.

ಫೆಬ್ರವರಿ 6, ಗುರುವಾರ

ಟೇಪಿನ ತುದಿಯನ್ನು ನಾನು ಯಾವಾಗಲೂ ಒಳಮಡಿಸಿ ಅಂಟಿಸುತ್ತೇನೆ, ಮುಂದಿನ ಸಲ ಉಗುರಿಗೆ ಸಿಗಲಿ ಎಂದು. ಇವತ್ತು ಮೊದಲ ಸಲ ಗಮನಿಸಿದೆ, ಆ ಮಡಿಕೆ ಇರಲಿಲ್ಲ. ಯಾರೋ ಪಟ್ಟಿ ಬಿಚ್ಚಿ, ಅಚ್ಚುಕಟ್ಟಾಗಿ ಮತ್ತೆ ಕಟ್ಟಿದ್ದಾರೆ. ಒಳಗಿನ ಬಟ್ಟೆಯ ಮೇಲೆ ಬೂದು ಬಣ್ಣದ ಕೆಸರು. ಮೂಗಿನ ಹತ್ತಿರ ಹಿಡಿದೆ.

ವಿಭೂತಿ.

ಬಾಗಿಲಲ್ಲಿ ನಿಂತಿದ್ದ ಕೊಟ್ರಬಸಮ್ಮನ ಮುಖ ನೋಡಿದೆ. ಅವರು ಗೋಡೆ ನೋಡಿದರು. ನಾನು ಮುಟ್ಟಿ ಹೋದ ಮೇಲೆ ಕಟ್ಟೆ ತೊಳೆಯುತ್ತಾರೆ ಎಂದು ಗೊತ್ತಿತ್ತು. ನಾನು ಮುಟ್ಟಿದ ಹುಣ್ಣನ್ನೂ ಶುದ್ಧ ಮಾಡುತ್ತಾರೆ ಎಂದು ಗೊತ್ತಿರಲಿಲ್ಲ. ಹುಣ್ಣು ತೊಳೆದು, ಜೆಲ್ ತುಂಬಿ, ಪಟ್ಟಿ ಕಟ್ಟಿ ಎದ್ದು ಬಂದೆ. ಕೈ ತೊಳೆಯಲಿಲ್ಲ. ಆ ಚೊಂಬಿನ ನೀರು ನನಗೆ ಬೇಡ.

ಅಮ್ಮ ಏನಾಯ್ತೆಂದು ಕೇಳಿದಳು. ಬಿಸಿಲು ಅಂದೆ.

ಫೆಬ್ರವರಿ 7, ಶುಕ್ರವಾರ

ಬೆಳಿಗ್ಗೆ ಕ್ಲಿನಿಕ್ಕಿಗೆ ಹೋದವಳೇ ಸಿರಿಂಜಿನಲ್ಲಿ ಉಳಿದಿದ್ದ ಜೆಲ್ ಅನ್ನು ತಟ್ಟೆಗೆ ಹಾಕಿ ಮೇಲೆ ಒಂದು ಚಿಟಿಕೆ ವಿಭೂತಿ ಉದುರಿಸಿದೆ. ಕಾಂಪೌಂಡರ್ ಪಾಲಾಕ್ಷಪ್ಪನ ಮೇಜಿನ ಡಬ್ಬಿಯಲ್ಲೇ ಇತ್ತು. ಹದಿನೈದು ನಿಮಿಷಕ್ಕೆ ಅಂಚು ಬೆವರಿತು. ಅರ್ಧ ಗಂಟೆಗೆ ಜೆಲ್ ಇರಲಿಲ್ಲ, ಬೂದಿ ಕದಡಿದ ನೀರು ಇತ್ತು.

ಸುಕನ್ಯಾ ಮೇಡಂಗೆ ಫೋನ್ ಮಾಡಿದೆ. ಅವರು ವಿವರಿಸಿದರು. ಬೂದಿಯಲ್ಲಿ ಕ್ಷಾರ ಇದೆ, ಈ ಅಣುಗಳಿಗೆ ಕ್ಷಾರ ಹೆಚ್ಚಾದರೆ ಕೈ ಬಿಟ್ಟುಹೋಗುತ್ತದೆ, ಔಷಧಿ ಒಂದೇ ಸಲಕ್ಕೆ ಹರಿದುಹೋಗುತ್ತದೆ. ಕೊನೆಗೆ ಹೇಳಿದರು, "ಬೆವರು, ರಕ್ತ, ಕೀವು, ಬಿಸಿಲು, ಎಲ್ಲಾ ಹಾಕಿ ನೋಡೀವಿ ರೇಖಾ. ನಮ್ಮ ಅಜ್ಜಿ ಬಾಗಿಲಿಗೆ, ಹೊಲಿಗಿ ಮಷೀನಿಗೆ, ನನ್ನ ಪರೀಕ್ಷಾ ಪೆನ್ನಿಗೆ ಸೈತ ವಿಭೂತಿ ಹಚ್ಚಾಕಿ. ಕೊಟ್ಟೂರಾಗ ಹುಟ್ಟಿದ ನಂಗ ಇದೊಂದು ಹೊಳೀಲಿಲ್ಲ ನೋಡು." ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ.

ಈಗ ವಿಷಯ ನನ್ನ ಕೈಯಲ್ಲಿದೆ. ಹುಣ್ಣಿಗೆ ಬೇರೆ ಏನಾದರೂ ಹಚ್ಚಿದ್ದು ಕಂಡರೆ ಬರೆದು ತಿಳಿಸಬೇಕು, ಡಾಕ್ಟರ್ ಆ ನಂಬರನ್ನು ಪ್ರಯೋಗದಿಂದ ತೆಗೆಯಬಹುದು. ತೆಗೆದರೆ ಜೆಲ್ ಇಲ್ಲ. ಜೆಲ್ ಇಲ್ಲದಿದ್ದರೆ ಮಾರ್ಚ್ ಮೂರು, ದಾವಣಗೆರೆ, ಗರಗಸ. ಬರೆಯದಿದ್ದರೆ ಸುಳ್ಳು, ಆ ಸುಳ್ಳಿನ ಮೇಲೆ ನಾಳೆ ಯಾರದೋ ಕಾಲಿಗೆ ಔಷಧಿ ಹೋಗುತ್ತದೆ. ಫಾರ್ಮು ತೆಗೆದು ಅರ್ಧ ತುಂಬಿದೆ. ಮನಸ್ಸಿನ ಒಂದು ಮೂಲೆಯಲ್ಲಿ ತಣ್ಣಗಿತ್ತು: ಬರಿ, ಬರೆದು ಕೈ ತೊಳೆದುಕೋ, ನೀನು ಮಾಡಿದ್ದಲ್ಲ, ಅವರೇ ಮಾಡಿಕೊಂಡದ್ದು. ನನಗೆ ಹಾಗೆ ಅನ್ನಿಸಿತು ಎಂದು ಇಲ್ಲಾದರೂ ಒಪ್ಪಿಕೊಳ್ಳುತ್ತೇನೆ.

ಅಪ್ಪನದೂ ಎಡಗಾಲೇ. ಕಾಲುಚೀಲದೊಳಗೆ ಮುಚ್ಚಿಟ್ಟ, ಮಗಳು ನರ್ಸು, ಬೈತಾಳೆ ಎಂದು. ಆಗ ನಾನು ಬಳ್ಳಾರಿಯಲ್ಲಿದ್ದು ಊರವರ ಕಾಲಿಗೆಲ್ಲ ಪಟ್ಟಿ ಕಟ್ಟುತ್ತಿದ್ದೆ. ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಕಾಲು ತೆಗೆದ ಮೇಲೂ ಅವನು ಬೆಳಿಗ್ಗೆ ಎದ್ದಾಗ ಮರೆತು ನೆಲಕ್ಕೆ ಕಾಲಿಡಲು ಹೋಗುತ್ತಿದ್ದ. ನಾಲ್ಕು ಸಲ ಬಿದ್ದ. ನಾಲ್ಕನೇ ಸಲ ಎಬ್ಬಿಸಲು ಹೋದರೆ, ಇರಲಿ ಬಿಡವ್ವ, ನೆಲ ತಣ್ಣಗೈತಿ ಅಂದ.

ಫಾರ್ಮು ಪೂರ್ತಿ ತುಂಬಿದೆ. ಮುಚ್ಚಿಡುವುದು ನಮ್ಮ ಮನೆಯಲ್ಲಿ ಒಮ್ಮೆ ಸಾಕು. ಆದರೆ ಕೊನೆಯಲ್ಲಿ ಜಾಗವಿರದಿದ್ದರೂ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದೆ: ಕಾರಣ ಗೊತ್ತಾಗಿದೆ, ತಿದ್ದಬಹುದು, ದಯವಿಟ್ಟು ತೆಗೆಯಬೇಡಿ.

ಫೆಬ್ರವರಿ 10, ಸೋಮವಾರ

ಡಾಕ್ಟರ್ ಒಪ್ಪಿದರು. ತಪ್ಪನ್ನು ದಾಖಲಿಸಿ ಮುಂದುವರಿಸಬಹುದು, ಆದರೆ ಸರ್ಜನ್ ಕೊಟ್ಟ ದಿನ ಬದಲಾಗುವುದಿಲ್ಲ ಅಂದರು. ಮೂರು ವಾರ ಉಳಿದಿದೆ.

ಎರಡು ಸ್ಟೀಲ್ ತಟ್ಟೆ ತೆಗೆದುಕೊಂಡು ಹೋದೆ. ಕಟ್ಟೆಯ ಮೇಲೆ ಇಟ್ಟು ಎರಡರಲ್ಲೂ ಜೆಲ್ ಹಾಕಿದೆ. ಕೊಟ್ರಬಸಮ್ಮನಿಗೆ ಹೇಳಿದೆ, ಒಂದರ ಮೇಲೆ ನಿಮ್ಮ ಕೈಯಿಂದಲೇ ವಿಭೂತಿ ಹಾಕಿ. ಅವರು ಗಂಡನ ಮುಖ ನೋಡಿದರು. ಗಂಡ ಹೂಂ ಎಂದು ತಲೆಯಾಡಿಸಿದ ಮೇಲೆ ಒಳಗಿನಿಂದ ವಿಭೂತಿ ಗಟ್ಟಿ ತಂದು ಉಜ್ಜಿ ಉದುರಿಸಿದರು. ಮೂವರೂ ಕುಳಿತು ನೋಡಿದೆವು. ಮೈಲಾರದ ಜಾತ್ರೆಗೆ ಹೋಗುವ ಗಾಡಿಗಳು ಒಂದರ ಹಿಂದೆ ಒಂದು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ಅರ್ಧ ಗಂಟೆಗೆ ಒಂದು ತಟ್ಟೆಯಲ್ಲಿ ಜೆಲ್ ಹಾಗೇ ಇತ್ತು, ಇನ್ನೊಂದನ್ನು ಓರೆ ಮಾಡಿದರೆ ನೀರು ಹರಿಯಿತು.

ಕೊಟ್ರಬಸಮ್ಮ ಆ ನೀರನ್ನೇ ನೋಡುತ್ತ ಹೇಳಿದರು, "ಮೊದಲನೇ ದಿನ ನೀ ಮುಟ್ಟಿದ್ದಕ್ಕ ಹಚ್ಚಿದೆ. ಸುಳ್ಳು ಹೇಳಂಗಿಲ್ಲ. ಆಮ್ಯಾಗ ಹೆದರಿಕಿಗೆ ಹಚ್ಚಿದೆ. ಬಿಟ್ರ ಏನಾರ ಆದೀತು ಅಂತ. ಹುಣ್ಣು ಹೆಚ್ಚಾದಂಗ ನಾನೂ ಹೆಚ್ಚು ಹಚ್ಚಿದೆ."

ಗುರುಸಂಗಪ್ಪ, "ಆಕಿ ಒಬ್ಬಾಕಿದಲ್ಲ ತಪ್ಪು. ಆಕಿ ಪಟ್ಟಿ ಬಿಚ್ಚುವಾಗ ನಾನೂ ಸುಮ್ನ ಕಾಲು ಚಾಚಿದ್ದೆ" ಅಂದರು.

ದಾರಿಯುದ್ದಕ್ಕೂ ಏನೇನೋ ಮಾತು ಜೋಡಿಸಿಕೊಂಡು ಹೋಗಿದ್ದೆ, ಖಾರದ ಮಾತುಗಳು. ಒಂದೂ ನಾಲಿಗೆಗೆ ಬರಲಿಲ್ಲ. "ನಂಗ ನೋವಾಗೈತಿ ಅಮ್ಮಾರ" ಅಂದೆ. "ಅದನ್ನ ಬ್ಯಾರೆ ದಿನ ಮಾತಾಡೋಣು. ಇವತ್ತು ಕಾಲಿಂದು ನೋಡೋಣು."

ಹಣೆಗೆ ಹಚ್ಚಿ, ಮೈಗೆ ಹಚ್ಚಿ, ಮೊಣಕಾಲಿನವರೆಗೂ ಹಚ್ಚಿ, ಪಟ್ಟಿಯ ಹತ್ತಿರ ಮಾತ್ರ ಬೇಡ ಎಂದು ಹೇಳಿದೆ. ಧೂಳು ಕಟ್ಟೆಯ ಮೇಲೆಲ್ಲ ಕೂರುತ್ತಿತ್ತು. ಧೂಳಿನಲ್ಲಿ ಪಟ್ಟಿ ಬಿಚ್ಚುವುದಿಲ್ಲ, ಒಳಗೆ ಕೂತುಕೊಳ್ಳಿ ಅಂದೆ. ಒಳಗೆ ಹೋಗಿ ಕಟ್ಟಿದೆ. ಪಡಸಾಲೆಯಲ್ಲಿ ಬೆಳಕು ಸಾಲದು, ಇನ್ನೊಂದು ಬಲ್ಬು ಹಾಕಿಸಲು ಹೇಳಬೇಕು.

ಫೆಬ್ರವರಿ 13, ಗುರುವಾರ

ಮೂರನೇ ದಿನಕ್ಕೂ ಜೆಲ್ ನಿಂತಿದೆ! ಪಟ್ಟಿ ಬಿಚ್ಚಿದಾಗ ಹುಣ್ಣಿನ ತುಂಬ ತಿಳಿಯಾಗಿ, ಗಟ್ಟಿಯಾಗಿ ಕುಳಿತಿತ್ತು. ನಾನೇ ಗೆದ್ದೆ ಎಂಬಂತೆ ಕೂಗಿಬಿಟ್ಟೆ. ಗುರುಸಂಗಪ್ಪಜ್ಜ ಬಗ್ಗಿ ನೋಡಲು ಹೋಗಿ ಕುರ್ಚಿಯಿಂದ ಜಾರುತ್ತಿದ್ದರು.

ಟೇಪಿನ ಮಡಿಕೆ ನಾನು ಮಾಡಿದ ಹಾಗೇ ಇತ್ತು. ಮೊದಲು ಅದನ್ನೇ ನೋಡಿದ್ದು. ನಂಬಿಕೆ ಅಷ್ಟು ಬೇಗ ಎಲ್ಲಿಂದ ಬರಬೇಕು.

ಫೆಬ್ರವರಿ 17, ಸೋಮವಾರ

ಹನ್ನೊಂದು. ಹದಿಮೂರರಿಂದ ಹನ್ನೊಂದು.

ಬಲ್ಬು ಹಾಕಿಸಿದ್ದಾರೆ. ಮೆತ್ತನೆ ಬೂಟು ಈಗ ಮನೆಯೊಳಗೂ ಓಡಾಡುತ್ತಿದೆ. ಕೊಟ್ರಬಸಮ್ಮಜ್ಜಿ ದಿನಾ ಬೆಳಿಗ್ಗೆ ಅದರ ಅಡಿಯನ್ನು ತೊಳೆದು, ಒರೆಸಿ, ತಾವೇ ತೊಡಿಸುತ್ತಾರಂತೆ. ದೇವರ ಮನೆಯ ಹೊಸ್ತಿಲ ಹೊರಗೆ ಒಂದು ಸ್ಟೂಲು ಹಾಕಿದ್ದಾರೆ, ಅಜ್ಜ ಅಲ್ಲಿ ಕೂತು ಪೂಜೆ ನೋಡುತ್ತಾರೆ. "ನಲವತ್ತು ವರ್ಷ ಅವ್ರು ಪೂಜಿ ಮಾಡೋದು ನಾ ಕೂತು ನೋಡಿದ್ದೆ. ಈಗ ನಾ ಮಾಡೋದು ಅವ್ರು ಕೂತು ನೋಡ್ತಾರ" ಅಂತ ಅಜ್ಜಿ ನಕ್ಕರು. ಆಕೆ ನಗುವುದನ್ನು ನಾನು ಕಂಡಿರಲಿಲ್ಲ, ಮುಂದಿನ ಹಲ್ಲು ಒಂದಿಲ್ಲ.

ಫೆಬ್ರವರಿ 20, ಗುರುವಾರ

ಯಾವತ್ತಾದರೂ ನಾನು ಬರಲಾಗದಿದ್ದರೆ ಯಾರು ಕಟ್ಟುವುದು ಎಂದು ಅಜ್ಜಿಗೆ ಜೆಲ್ ತುಂಬಲು ಕಲಿಸಿದೆ. ಸೋಪಿನಿಂದ ಕೈ ತೊಳೆಯುವುದು ಹೇಗೆಂದು ತೋರಿಸಬೇಕಿತ್ತು. ಚೊಂಬು ನಾನು ಹಿಡಿದು ಅವರ ಕೈಗೆ ನೀರು ಹಾಕಿದೆ, ಆಮೇಲೆ ಅವರು ನನ್ನ ಕೈಗೆ. ಸಿರಿಂಜು ಹಿಡಿದರೆ ಅವರ ಕೈ ನಡುಗುತ್ತದೆ. ಮೇಲೆ ನನ್ನ ಕೈ ಇಟ್ಟು ಒತ್ತಿಸಿದೆ. ಒಂದೇ ಸಮ ಒತ್ತಬೇಕು, ನಿಲ್ಲಿಸಿ ನಿಲ್ಲಿಸಿ ಒತ್ತಿದರೆ ಗುಳ್ಳೆ ಬರುತ್ತದೆ.

ಮರಳಿ ಬರುವಾಗ ಸ್ಕೂಟಿ ಪಂಕ್ಚರ್.

ಫೆಬ್ರವರಿ 24, ಸೋಮವಾರ

ಒಂಬತ್ತು.

ಮಾರ್ಚ್ 3, ಸೋಮವಾರ

ಅರ್ಧ ಅಂದರೆ ಆರು. ಆರಕ್ಕೆ ಇಳಿದಿರಬೇಕು.

ಚೌಕ ಗೆರೆಗಳ ತೆಳು ಹಾಳೆಯನ್ನು ಹುಣ್ಣಿನ ಮೇಲೆ ಇಟ್ಟು ಅಂಚಿನ ಸುತ್ತ ಪೆನ್ನು ಎಳೆದು, ಒಳಗಿನ ಚೌಕಗಳನ್ನು ಎಣಿಸುವುದು ನಮ್ಮ ಅಳತೆ. ಅಜ್ಜಿ ದೇವರ ಮನೆಯ ಮುಂದೆ ನಿಂತುಕೊಂಡು ಈ ಕಡೆ ತಿರುಗಲಿಲ್ಲ. ಎಣಿಸಿದೆ. ಆರೂವರೆ. ಮತ್ತೆ ಎಣಿಸಿದೆ. ಆರೂವರೆ. ಪೆನ್ನು ಒಂದು ನೂಲಿನಷ್ಟು ಒಳಗೆ ಹೋಗಿದ್ದರೆ ಆರು ಬರುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೊಸ ಹಾಳೆಯನ್ನು ತೆಗೆದೂ ಆಗಿತ್ತು.

ಹೊಸ ಹಾಳೆಯನ್ನು ಚೀಲಕ್ಕೆ ಹಾಕಿ ಆರೂವರೆ ಎಂದು ಬರೆದೆ. ಅಜ್ಜನಿಗೆ ಇದ್ದದ್ದು ಹೇಳಿದೆ. ಅವರು, "ತೂಕದಾಗ ಕಳ್ಳತನ ನಾನೂ ಮಾಡಿಲ್ಲವ್ವ. ಎಷ್ಟೈತೋ ಅಷ್ಟ ಬರಿ" ಅಂದರು. ಅಷ್ಟು ಅಂದು ಮುಖ ಪಕ್ಕಕ್ಕೆ ತಿರುಗಿಸಿಕೊಂಡರು.

ಡಾಕ್ಟರ್ ಮುಂದೆ ಹಾಳೆಗಳನ್ನೆಲ್ಲ ಸಾಲಾಗಿ ಇಟ್ಟೆ. ಹನ್ನೆರಡು, ಹದಿಮೂರು, ಹನ್ನೊಂದು, ಒಂಬತ್ತು, ಆರೂವರೆ. ನಾನು ವಾದ ಮಾಡಿದೆ. ಜೋರಾಗಿಯೇ ಮಾಡಿದೆನಂತೆ, ಹೊರಗೆ ಪಾಲಾಕ್ಷಪ್ಪನಿಗೆ ಕೇಳಿಸಿತಂತೆ. ಜೆಲ್ ನಿಜವಾಗಿ ನಿಂತದ್ದು ಮೂರೇ ವಾರ, ಆ ಮೂರು ವಾರದಲ್ಲೇ ಅರ್ಧ ಇಳಿದಿದೆ, ಎಂಟು ವಾರದ ಲೆಕ್ಕ ಇವರಿಗೆ ಹೇಗೆ ಹಾಕುತ್ತೀರಿ. ಅವರು ಕನ್ನಡಕ ತೆಗೆದು ಹಾಳೆ ನೋಡಿದರು, ನನ್ನನ್ನೂ ನೋಡಿದರು, ಫೋನ್ ತೆಗೆದುಕೊಂಡು ಒಳಗೆ ಹೋದರು. ಸರ್ಜನ್ ಇನ್ನು ನಾಲ್ಕು ವಾರ ಕಾಯಲು ಒಪ್ಪಿದ್ದಾರೆ.

ಹೊರಗೆ ಬಂದು ಅಜ್ಜಿಗೆ ಫೋನ್ ಮಾಡಿದೆ. ಮಾತಾಡಲು ಹೋದರೆ ನನಗೇ ಅಳು ಬಂತು. ಆ ಕಡೆಯೂ ಅಳುತ್ತಿದ್ದರು. ಇಬ್ಬರೂ ಅತ್ತು ಫೋನ್ ಇಟ್ಟೆವು, ವಿಷಯ ಹೇಳಲು ಮತ್ತೆ ಮಾಡಬೇಕಾಯಿತು.

ಮಾರ್ಚ್ 31, ಸೋಮವಾರ

ಮುಚ್ಚಿತು.

ಹುಣ್ಣಿದ್ದ ಜಾಗದಲ್ಲಿ ಎಳೆ ಚರ್ಮ, ತೆಳು, ಹೊಳಪು. ಬೆರಳಿನಿಂದ ಸವರಿದೆ. ಅಜ್ಜನಿಗೆ ಗೊತ್ತಾಗಲಿಲ್ಲ, ಅವರ ಪಾದಕ್ಕೆ ಇನ್ನೂ ಜೋಮು, ಅದು ಇರುವುದೇ. ದಿನಾ ಕನ್ನಡಿ ಇಟ್ಟು ಪಾದದ ಅಡಿ ನೋಡಬೇಕು, ಬೂಟು ಯಾವತ್ತೂ ಬಿಡಬಾರದು, ಚಪ್ಪಲಿ ಕೊಡವದೆ ಹಾಕಬಾರದು ಎಂದು ಹತ್ತು ಸಲ ಹೇಳಿದೆ. ಹತ್ತು ಸಲವೂ ಆತವ್ವ ಅಂದರು.

ಗಿರಣಿಯ ಬೀಗ ತೆಗೆಸಿದರು. ಬೆಲ್ಟ್ ಮೇಲೆ ಇಲಿ ಓಡಾಡಿದೆ, ರಿಪೇರಿ ಆಗಬೇಕು. ಕುರ್ಚಿ ಹಾಕಿಕೊಂಡೇ ಬೀಸಬೇಕು ಎಂದು ಕಟ್ಟಪ್ಪಣೆ ಮಾಡಿ ಬಂದೆ.

ಪ್ರಯೋಗ ಇನ್ನು ಒಂಬತ್ತು ಜನರಿಗೆ ಮುಂದುವರಿಯುತ್ತದೆ. ಸುಕನ್ಯಾ ಮೇಡಂ ಈಗ ವಿಭೂತಿ, ಭಂಡಾರ, ಅರಿಶಿಣ, ಸುಣ್ಣ, ಕಾಫಿಪುಡಿ, ನಮ್ಮವರು ಹುಣ್ಣಿಗೆ ಏನೇನು ಹಾಕುತ್ತಾರೋ ಅಷ್ಟನ್ನೂ ಹಾಕಿ ಜೆಲ್ ಪರೀಕ್ಷೆ ಮಾಡುತ್ತಿದ್ದಾರೆ. ಕ್ಷಾರಕ್ಕೂ ಕೈಬಿಡದಂಥ ಅಣು ಮಾಡಲು ಆಗುತ್ತದಾ ನೋಡುತ್ತಾರಂತೆ. ಪಟ್ಟಿ ಮಾಡಿಕೊಟ್ಟವಳು ನಾನೇ.

ಸೋಮವಾರ ಗುರುವಾರ ಇನ್ನು ಆ ಕಡೆ ಹೋಗುವುದಿಲ್ಲ. ಸ್ಕೂಟಿಗೆ ಪೆಟ್ರೋಲ್ ಉಳಿಯಿತು.

ಏಪ್ರಿಲ್ 20, ಭಾನುವಾರ

ಅಪ್ಪ ಹೋಗಿ ಇವತ್ತಿಗೆ ಒಂದು ವರ್ಷ. ಬೆಳಿಗ್ಗೆ ಅವನ ಫೋಟೋ ಮುಂದೆ ಹೂವಿಟ್ಟು, ಮೇಣದ ಬತ್ತಿ ಹಚ್ಚಿ, ಅಮ್ಮನೂ ನಾನೂ ಬುದ್ಧವಂದನೆ ಹೇಳಿಕೊಂಡೆವು. ಮೂಲೆಯಲ್ಲಿ ಅವನ ಊರುಗೋಲು ಹಾಗೇ ಇದೆ. ಅಮ್ಮ ಅದನ್ನು ಯಾರಿಗೂ ಕೊಡಲು ಬಿಟ್ಟಿಲ್ಲ.

ಹನ್ನೊಂದರ ಸುಮಾರಿಗೆ ಮನೆ ಮುಂದೆ ಆಟೋ ನಿಂತಿತು. ಅಜ್ಜ ಇಳಿದರು, ಅವರ ತೋಳು ಹಿಡಿದುಕೊಂಡು ಅಜ್ಜಿ. ಕ್ಲಿನಿಕ್ಕಿನಲ್ಲಿ ಕೇಳಿ ವಿಳಾಸ ಹುಡುಕಿದ್ದಾರೆ. ಕೈಯಲ್ಲಿ ಹೊಸದಾಗಿ ಬೀಸಿದ ಜೋಳದ ಹಿಟ್ಟಿನ ಚೀಲ. ನಾನು ಗಾಬರಿಯಿಂದ ಮೊದಲು ಕಾಲು ನೋಡಿದೆ. ಬೂಟು ಇತ್ತು, ಎರಡಕ್ಕೂ.

ಅಜ್ಜಿ ಅಂಗಳದಲ್ಲೇ ನಿಂತು ಹೇಳಿದರು, "ಬ್ಯಾರೆ ದಿನ ಮಾತಾಡೋಣು ಅಂದಿದ್ದಿಯಲ್ಲವ್ವ ನೀನು. ನೀ ಮರತಿ. ನಾವ ಬಂದೀವಿ."

ನಾನು ನಿಜವಾಗಿ ಮರೆತಿದ್ದೆ. ಈಗ ಹಿಂದಿನ ಹಾಳೆ ತಿರುಗಿಸಿ ನೋಡಿದರೆ ಬರೆದಿದ್ದೇನೆ, ಫೆಬ್ರವರಿ ಹತ್ತರಂದು. ಆಕೆ ಅಷ್ಟು ದಿನದಿಂದ ಆ ಮಾತನ್ನು ಇಟ್ಟುಕೊಂಡಿದ್ದರು.

ಅಜ್ಜ ಬಾಗಿಲವರೆಗೆ ಬಂದು, ಹೊಸ್ತಿಲ ಮುಂದೆ ನಿಂತು, ಗೋಡೆ ಹಿಡಿದು ಬಗ್ಗಿ ಬೂಟಿನ ಪಟ್ಟಿ ಬಿಚ್ಚಲು ಹೋದರು. ಬೇಡ ಎಂದು ಕೂಗಲು ನಾನು ಬಾಯಿ ತೆಗೆದೆ. ಅಷ್ಟರಲ್ಲಿ ಅಮ್ಮ ಒಳಗಿನಿಂದ ಬಂದಳು. ಅವರ ವಿಷಯ ಅವಳಿಗೆ ನಾನು ಹೇಳಿದ್ದು ಕಡಿಮೆ, ಆದರೂ ಎಲ್ಲಾ ಗೊತ್ತಿದ್ದವಳ ಹಾಗೆ ಹೇಳಿದಳು:

"ಹಾಕ್ಕೊಂಡ ಬರ್ರಿ ಯಜಮಾನ್ರ. ಕಾಲಿನ ಬೆಲಿ ಈ ಮನಿಗೆ ಗೊತ್ತೈತಿ."

ಅಜ್ಜ ನೆಟ್ಟಗಾಗಿ, ಬೂಟಿನ ಕಾಲನ್ನು ಒಳಗಿಟ್ಟರು. ಅಜ್ಜಿ ಅವರ ತೋಳು ಹಿಡಿದಿದ್ದರಲ್ಲ, ಬಿಟ್ಟರೆ ಬೀಳುತ್ತಾರೆ, ಅವರೂ ಒಳಗೆ ಬಂದರು. ಮನಸ್ಸಿನಿಂದ ಬಂದರೋ ತೋಳಿನ ಸಲುವಾಗಿ ಬಂದರೋ ನಾನು ಕೇಳಲಿಲ್ಲ. ಬಂದರು.

ಮಾತಾಡಿದೆವು. ಚೊಂಬು ಬಿಡದೆ ಮೇಲಿನಿಂದ ನೀರು ಸುರಿದಾಗ ನನಗೆ ಹೇಗಾಯಿತು, ಕನ್ನಡಿಯಲ್ಲಿ ಬಕೆಟ್ ಕಂಡಾಗ ಹೇಗಾಯಿತು, ಎಲ್ಲಾ ಹೇಳಿದೆ. ಅಜ್ಜಿ ನಡುವೆ ಬಾಯಿ ಹಾಕಲಿಲ್ಲ, ಅಳಲೂ ಇಲ್ಲ. ಕೇಳಿಸಿಕೊಂಡರು. ಕೊನೆಗೆ, "ಇಷ್ಟ ಐತೋ, ಇನ್ನೂ ಐತೋ?" ಅಂದರು. ಇನ್ನೂ ಇದೆ ಅಂದೆ. ಹಂಗಾದ್ರ ಇನ್ನೊಮ್ಮೆ ಬರತೀವಿ ಅಂದರು.

ಹೋಗುವ ಮುಂಚೆ ಅಜ್ಜ ಅಪ್ಪನ ಫೋಟೋ ಮುಂದೆ ನಿಂತು ಕೈ ಮುಗಿದರು. ಊರುಗೋಲನ್ನು ನೋಡಿದರು. ಯಾರದು ಎಂದು ಕೇಳಲಿಲ್ಲ.

ಆಟೋ ಹೋದ ಮೇಲೆ ನೋಡಿದೆ, ಹೊಸ್ತಿಲಿನಿಂದ ಫೋಟೋದವರೆಗೆ ಧೂಳಿನ ಗುರುತು. ಒರೆಸೋಣ ಎಂದು ಬಟ್ಟೆ ತಂದೆ. ಅಮ್ಮ ಕೈ ಹಿಡಿದಳು, ಸಂಜೆಯವರೆಗೆ ಇರಲಿ ಅಂದಳು. ಅಪ್ಪನ ಕೊನೆಯ ಆರು ತಿಂಗಳು ಈ ನೆಲದ ಮೇಲೆ ಬೀಳುತ್ತಿದ್ದದ್ದು ಒಂದು ಪಾದ, ಪಕ್ಕದಲ್ಲಿ ಊರುಗೋಲಿನ ತುದಿಯ ಒಂದು ದುಂಡು ಚುಕ್ಕೆ. ಅಮ್ಮ ಅದನ್ನು ದಿನಾ ಒರೆಸುತ್ತಿದ್ದಳು.

ಇವತ್ತು ಎರಡು ಪಾದ ಇದ್ದವು. ಎಡ, ಬಲ, ಎಡ, ಬಲ. ನಾವಿಬ್ಬರೂ ಅದನ್ನು ದಾಟದೆ, ಗೋಡೆ ಬದಿಯಿಂದ ಓಡಾಡಿದೆವು.